ಬೆಸ ಸಂಖ್ಯೆಯ ಮನೆಗಳು

ಬೆಸ ಸಂಖ್ಯೆಯ ಮನೆಗಳೆಲ್ಲ ಇಂಗ್ಲೆಂಡು,
ಸಮ ಸಂಖ್ಯೆಯವು ವೇಲ್ಸು.
ನಡುವೆ ರಸ್ತೆ, ರಸ್ತೆಯ ನಡುವೆ ಬಿಳಿ ಗೀಟು.
ಅದನ್ನು ದಿನಕ್ಕೆ ನಲವತ್ತು ಸಲ ದಾಟುವವಳು ನಾನೊಬ್ಬಳೇ,
ಕೆಂಪು ಅಂಗಿ, ಹೆಗಲಿಗೆ ಅಂಚೆಚೀಲ,
ಜೇಬಿನಲ್ಲಿ ರಬ್ಬರ್ ಬ್ಯಾಂಡುಗಳ ಮುದ್ದೆ.

ಲಾನಮನಕ್ ಎಂಬ ಈ ಊರಿನ ಹೆಸರು ನಾಲಿಗೆಗೆ ಒಗ್ಗಲು
ಎರಡು ಚಳಿಗಾಲ ಹಿಡಿಯಿತು.
ಕಾನೂನು ಒಗ್ಗಲು ಪುರುಸೊತ್ತೇ ಸಿಗಲಿಲ್ಲ.
ಕಾರ್ಡಿಫಿನಿಂದ ಶುಕ್ರವಾರ ಒಂದು,
ಲಂಡನ್ನಿನಿಂದ ಸೋಮವಾರ ಇನ್ನೊಂದು.
ಈಚೆ ತೋಟದಲ್ಲಿ ಆರು ಜನ ಕೂರಬಹುದು,
ಆಚೆ ನಾಲ್ವರು.
ಬೆಕ್ಕುಗಳು ಎರಡೂ ಕಡೆ ಎಂದಿನಂತೆ.

ನಮ್ಮಜ್ಜಿಯ ಬೀದಿಯಲ್ಲೂ ಹೀಗೇ ಇತ್ತು.
ಎದುರು ಮನೆಯವರದು ಬೇರೆ ಮಠದ ಪಂಚಾಂಗ.
ನಮಗೆ ಏಕಾದಶಿ ಇವತ್ತು, ಅವರಿಗೆ ನಾಳೆ.
ನಾವು ಹೊಟ್ಟೆ ಕಟ್ಟಿಕೊಂಡು ಕೂತ ಹೊತ್ತಿಗೇ
ಅವರ ಇಂಗಿನ ಒಗ್ಗರಣೆ ಬೀದಿ ದಾಟಿ ಬರುತ್ತಿತ್ತು.
ಚಂದ್ರ ಒಬ್ಬನೇ ಕಣೆ, ಅನ್ನುತ್ತಿದ್ದಳು ಅಜ್ಜಿ,
ಲೆಕ್ಕ ಹಾಕುವವರು ಇಬ್ಬರು.

ಮಾರ್ಚಿನ ಒಂದು ಬೆಳಿಗ್ಗೆ
ಹದಿನೆಂಟನೇ ನಂಬರಿನ ಗ್ಲೆನಿಸ್ ಪ್ರಾಸರ್
ತನ್ನ ಕ್ಷೌರದಂಗಡಿಯ ಬೀಗ ತೆಗೆದಳು.
ಕುರ್ಚಿ ಒರೆಸಿದಳು, ಮತ್ತೆ ಒರೆಸಿದಳು.
ಎದುರಿಗೆ, ಹದಿನೇಳರ ಕಿಟಕಿಯಲ್ಲಿ, ವಿಲ್ಫ್ ಟ್ರಾಂಟರ್.
ಮೂವತ್ತೊಂದು ವರ್ಷ ಅದೇ ಕುರ್ಚಿ,
ಪ್ರತಿ ತಿಂಗಳ ಮೊದಲ ಮಂಗಳವಾರ.
ಈಗ ಕೂದಲು ಕಾಲರು ಮುಚ್ಚಿ ಹೆಗಲಿಗಿಳಿದು
ಸನ್ಯಾಸಕ್ಕೋ ಸರ್ಕಸ್ಸಿಗೋ ಹೊರಟವನಂತಿದ್ದಾನೆ.
ಹನ್ನೊಂದು ಹೆಜ್ಜೆ. ಎಣಿಸಿದ್ದೇನೆ.
ಆರನೆಯದು ಅಪರಾಧ.

ಹಿಂದೆ ಭಾನುವಾರ ಆಚೆ ಕುಡಿಯುವ ಹಾಗಿರಲಿಲ್ಲವಂತೆ.
ಒಂದೇ ಹೋಟೆಲು, ಆ ಕೋಣೆಗೆ ಬೀಗ, ಈ ಕೋಣೆಯಲ್ಲಿ ಹಾಡು.
"ಆಗ ಅವರು ಲೋಟ ಹಿಡಿದು ಈಚೆ ಬರುತ್ತಿದ್ದರು.
ಈಗ ನಾನು ತಲೆ ಹಿಡಿದು ಆಚೆ ಹೋಗುವಂತಿಲ್ಲ ನೋಡು."
ನಕ್ಕು ಮುಗಿಸಿದ ಮೇಲೂ ಬಾಗಿಲಲ್ಲೇ ನಿಂತಿರುತ್ತಾನೆ.
ಕತ್ತರಿಸಬೇಕಿದ್ದುದು ಜನವರಿಯಲ್ಲಿ,
ಹೆಂಡತಿ ಐರೀನಳನ್ನು ಮಣ್ಣು ಮಾಡುವ ಮುಂಚೆ.

ನಮ್ಮಲ್ಲಿ ಸೂತಕದವರು ಕೂದಲು ಬಿಡುತ್ತಾರೆ,
ಇಷ್ಟನೇ ದಿನ ಅಂತಿರುತ್ತದೆ, ಅವತ್ತು ತೆಗೆಸಿ
ಮಿಂದು ಬೀದಿಗೆ ಬರುತ್ತಾರೆ.
ಹೇಳೋಣವೆಂದುಕೊಂಡೆ. ಹೇಳಲಿಲ್ಲ.
ಇವನ ಆ ದಿನವನ್ನು ಯಾರೋ
ವಾರ ವಾರ ಮುಂದಕ್ಕೆ ಹಾಕುತ್ತಲೇ ಇದ್ದಾರೆ.

ಒಂದು ಲಕೋಟೆ ಕೊಟ್ಟ, ಗ್ಲೆನಿಸ್ ಹೆಸರಿಗೆ.
ಎದುರಿಗೇ ಇದ್ದಾಳೆ. ಆದರೂ ಅಂಚೆ ಅಂಚೆಯೇ:
ಆಸ್ವೆಸ್ಟ್ರಿಗೆ ಹೋಗಿ, ಮುದ್ರೆ ಬಡಿಸಿಕೊಂಡು,
ಮೂರನೇ ದಿನ ನನ್ನ ಚೀಲದಲ್ಲೇ ವಾಪಸು ಬಂತು.
ಒಳಗಿದ್ದುದು ಮೂರು ತಿಂಗಳ ಕ್ಷೌರದ ಹಣ,
ಬಿಡಿ ಕಾಸಿನ ಸಮೇತ.

ಗ್ಲೆನಿಸ್ ಗೋಡೆಯ ಕನ್ನಡಿ ಕಳಚಿ
ತನ್ನ ಫುಟ್‌ಪಾತಿನ ಅಂಚಿಗೆ ತಂದು ಎದೆಗವುಚಿ ನಿಂತಳು.
"ಕುರ್ಚಿ ತಾರೋ ಮಾರಾಯ!"
ಅಡುಗೆಮನೆ ಕುರ್ಚಿ ಬಂತು,
ಐರೀನಳ ಬಟ್ಟೆ ಕತ್ತರಿ ಬಂತು.
ಎಡಕ್ಕೆ, ಇನ್ನೂ ಎಡಕ್ಕೆ,
ನಿನ್ನ ಎಡ ಅಲ್ಲ, ಕನ್ನಡಿಯ ಎಡ!
ಹಾಲಿನ ಲಾರಿಯೊಂದು ಇಬ್ಬರ ನಡುವೆ ಹಾದು
ಬಿಳಿ ಕೂದಲೆಲ್ಲ ಎದ್ದು ಸುಳಿ ಸುತ್ತಿ
ಯಾವ ದೇಶದಲ್ಲಿ ಇಳಿಯಿತೋ.

ಆಮೇಲೆ ಕುರ್ಚಿ ಎತ್ತಿಕೊಂಡು
ಅವನು ಒಳಗೆ ಹೊರಟಾಗ ಕಂಡಿತು:
ಕತ್ತಿನ ಹಿಂದೆ, ಕನ್ನಡಿಗೆ ಎಟುಕದಲ್ಲಿ,
ಒಂದು ಜೊಂಪೆ ಪೂರಾ ಉಳಿದಿದೆ.
ಗ್ಲೆನಿಸ್ ನೋಡಿದಳು. ನಾನೂ ನೋಡಿದೆ.
ಕೂಗಿ ಹೇಳಲು ಬಾಯಿ ತೆರೆದವಳು
ಮುಚ್ಚಿಕೊಂಡಳು.
ಇರಲಿ ಬಿಡು, ಅಂದಳು ನನಗೆ,
ಅದು ಏಪ್ರಿಲಿಗೆ.